‘ಬಾಕಿ ಇದೆಯೇ?’: ಶಿಕ್ಷೆ ಮುಗಿಸಿ ಬಂದ ಎಲೆಕ್ಟ್ರಿಷಿಯನ್ ಒಬ್ಬನ ಕೆಲಸದ ಪ್ರಕರಣ

2023ರ ಏಪ್ರಿಲ್ ಕೊನೆಯ ವಾರ. ವಿಧಾನಸಭೆ ಚುನಾವಣೆ ಹತ್ತಿರ ಬಂದಿತ್ತು. ತುಮಕೂರು ಜಿಲ್ಲೆಯ ಒಂದು ಕಾರ್ಖಾನೆಯ ಗೇಟಿಗೆ ಬೈಕಿನಲ್ಲಿ ಬಂದ ಕಾನ್‌ಸ್ಟೆಬಲ್ ಒಬ್ಬರು ಅಲ್ಲಿನ ಎಲೆಕ್ಟ್ರಿಷಿಯನ್ ಒಬ್ಬನ ಹೆಸರು ಹೇಳಿ, “ಸ್ವಲ್ಪ ಆಚೆ ಕಳ್ಸಿ, ಒಂದು ಸೈನ್ ಬೇಕು” ಅಂದರು. ಸೆಕ್ಯುರಿಟಿಯವರು ಇಂಟರ್‌ಕಾಮ್‌ನಲ್ಲಿ ಕರೆದರು. ಆತ ಬಂದ, ಸಹಿ ಹಾಕಿದ, ನೋಟಿಸನ್ನು ಮಡಚಿ ಜೇಬಿಗಿಟ್ಟುಕೊಂಡು ಪ್ಯಾನೆಲ್ ರೂಮಿಗೆ ಹಿಂತಿರುಗಿದ. ಎಲ್ಲ ಸೇರಿ ಐದು ನಿಮಿಷ. ಮಾರನೆಯ ದಿನ ಬೆಳಗಿನ ಪಾಳಿಗೆ ಬಂದಾಗ ಅವನ ಕಾರ್ಡಿಗೆ ಗೇಟು ತೆರೆಯಲಿಲ್ಲ.

ಕೆಲಸದಿಂದ ತೆಗೆದಿದ್ದೇವೆ ಎಂದು ಯಾರೂ ಹೇಳಲಿಲ್ಲ. “ಎಚ್‌ಆರ್ ಮೇಡಂ ಬರೋವರೆಗೂ ಇರಿ” ಅಂದರು. ಮೇಡಂ ಬಂದರು, ಒಳಗೆ ಹೋದರು. ಹತ್ತೂವರೆಗೆ ಕಂತ್ರಾಟುದಾರನ ಫೋನು ಬಂತು: “ನಾಳೆಯಿಂದ ಬರಬೇಡ, ಆಮೇಲೆ ನೋಡೋಣ.”

ಅವನು ನನ್ನ ಬಳಿ ಬಂದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ. ನಾನು ಅಲ್ಲಿಯ ಪ್ಯಾನೆಲ್ ವಕೀಲ, ಅಂದರೆ ಉಚಿತ ನೆರವಿನ ಕೇಸುಗಳಿಗೆಂದು ಪ್ರಾಧಿಕಾರದ ಪಟ್ಟಿಯಲ್ಲಿರುವವನು. ಬಡವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಉಚಿತ ಕಾನೂನು ನೆರವು ಸಿಗುತ್ತದೆಂದು ಬಹಳಷ್ಟು ಜನಕ್ಕೆ ಗೊತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಕೈಗಾರಿಕಾ ಕಾರ್ಮಿಕನನ್ನೂ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಿದೆ, ಅವನ ಆದಾಯ ಎಷ್ಟೆಂದು ಕೇಳುವ ಹಾಗಿಲ್ಲ ಎಂಬುದು ಕಾರ್ಖಾನೆಯ ಗೇಟಿನವರೆಗೆ ಹೋಗಿಯೇ ಇಲ್ಲ. ಅವನಿಗೂ ಗೊತ್ತಿರಲಿಲ್ಲ. ಯಾರೋ ಲೋಕ್ ಅದಾಲತ್‌ಗೆ ಬಂದವರು ಹೇಳಿ ಕಳಿಸಿದ್ದರು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಊರು, ಕಾರ್ಖಾನೆ, ಕೆಲವು ಮನೆ ವಿಷಯಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ.

ಬದುವಿನ ಜಗಳ

2016ರ ಜುಲೈ. ಅವನಿಗಾಗ 23 ವರ್ಷ, ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಟ್ರೇಡಿನ ಸರ್ಟಿಫಿಕೇಟ್ ಹಿಡಿದಿದ್ದ. ತಮ್ಮನಿಗೆ 17. ಮಳೆ ಬಿದ್ದ ಮೇಲೆ ಹೊಲ ಹೂಡುವಾಗ ದೊಡ್ಡಪ್ಪ ಬದುವನ್ನು ಒಂದು ಮೊಳ ಈಚೆ ಸರಿಸಿದರೆಂಬ ಮಾತು. ಇಂಥ ಜಗಳ ನಮ್ಮ ತಾಲ್ಲೂಕು ಕೋರ್ಟುಗಳ ಅರ್ಧ ಅನ್ನ. ಮಾತಿಗೆ ಮಾತು ಬೆಳೆದು, ಗುದ್ದಲಿಯ ಕಾವಿನ ಏಟು ದೊಡ್ಡಪ್ಪನ ಎಡ ಮುಂಗೈಗೆ ಬಿತ್ತು. ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಕಂಡಿತು. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಭಾರತೀಯ ದಂಡ ಸಂಹಿತೆಯ 325ನೇ ಕಲಮು, ಏಳು ವರ್ಷದವರೆಗೆ ಶಿಕ್ಷೆ. ಈಗಿನ ನ್ಯಾಯ ಸಂಹಿತೆಯಲ್ಲಿ ಅದೇ ಅಪರಾಧ 117(2).

ಈ ಕಲಮಿನಲ್ಲಿ ಒಂದು ಬಾಗಿಲಿದೆ. ಏಟು ತಿಂದವರು ಒಪ್ಪಿದರೆ, ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ಹಾಗೆ ಆದ ರಾಜಿಗೆ ಖುಲಾಸೆಯಷ್ಟೇ ಬೆಲೆ. ಎರಡು ಗುಂಟೆ ಬಿಟ್ಟುಕೊಟ್ಟರೆ ರಾಜಿಗೆ ಬರುತ್ತೇನೆ ಎಂದು ದೊಡ್ಡಪ್ಪ ಅಂದಿದ್ದರಂತೆ. ಇವರಪ್ಪ ಒಪ್ಪಲಿಲ್ಲ. “ಕೋರ್ಟಲ್ಲೇ ನೋಡ್ಕೊಳ್ಳಾನ” ಅಂದರು.

2018ರ ಮಾರ್ಚ್‌ನಲ್ಲಿ ತಾಲ್ಲೂಕು ಮ್ಯಾಜಿಸ್ಟ್ರೇಟ್ ಕೋರ್ಟು ಎರಡು ವರ್ಷ ಸಜೆ, 5,000 ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಸೆಷನ್ಸ್ ಕೋರ್ಟು ಅಪರಾಧ ಸಾಬೀತು ಎಂಬುದನ್ನು ಎತ್ತಿಹಿಡಿದು, ಸಜೆಯನ್ನು ಒಂದು ವರ್ಷಕ್ಕೆ ಇಳಿಸಿತು. ಮೊದಲು ವಿಚಾರಣಾಧೀನನಾಗಿ ಕಳೆದಿದ್ದ 19 ದಿನ ಕಳೆದು, 2019ರ ಅಕ್ಟೋಬರ್‌ನಲ್ಲಿ ಬಿಡುಗಡೆ.

ತೀರ್ಪಿನ ಪ್ರತಿ ಓದುವಾಗ ನನ್ನ ಕಣ್ಣು ನಿಂತದ್ದು ಕೊನೆಯ ಪುಟದಲ್ಲಿ. ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ವಕೀಲರು ಏನು ಹೇಳಿದರು ಎಂಬಲ್ಲಿ ಒಂದೇ ಸಾಲು: ಆರೋಪಿ ಬಡವ, ಕನಿಷ್ಠ ಶಿಕ್ಷೆ ಕೊಡಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನು ಯಾರೂ ಎತ್ತಿಲ್ಲ. ನಮ್ಮ ಬಾಯಲ್ಲಿ ಅದು ‘ಪ್ರೊಬೇಷನ್ ಆ್ಯಕ್ಟ್’. ಮರಣದಂಡನೆ ಅಥವಾ ಜೀವಾವಧಿ ಇಲ್ಲದ ಅಪರಾಧವಾದರೆ, ಆರೋಪಿಯ ನಡತೆ, ಪ್ರಕರಣದ ಸ್ವರೂಪ ನೋಡಿ, ಜೈಲಿಗೆ ಕಳಿಸದೆ ಮುಚ್ಚಳಿಕೆಯ ಮೇಲೆ ಬಿಡಲು ಅದರ 4ನೇ ಕಲಮು ಕೋರ್ಟಿಗೆ ಅಧಿಕಾರ ಕೊಡುತ್ತದೆ. ಅದಕ್ಕಿಂತ ಹೆಚ್ಚಿನದು 12ನೇ ಕಲಮು: ಹಾಗೆ ಬಿಡುಗಡೆಯಾದವನಿಗೆ, ಶಿಕ್ಷೆಯಾದವರಿಗೆ ಬೇರೆ ಕಾನೂನುಗಳು ಹಾಕುವ ಅನರ್ಹತೆ ತಟ್ಟುವುದಿಲ್ಲ. ಅಪರಾಧವೇ ಅಳಿಸಿಹೋಯಿತು ಎಂದು ಇದರ ಅರ್ಥವಲ್ಲ. ಸರ್ಕಾರಿ ನೌಕರನ ವಿಷಯದಲ್ಲಿ ಆ ಕೃತ್ಯಕ್ಕೆ ಕಾರಣವಾದ ನಡತೆಯನ್ನು ಇಲಾಖೆ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟು 1975ರಷ್ಟು ಹಿಂದೆಯೇ ಹೇಳಿದೆ. ಆದರೂ ಮೊದಲ ಅಪರಾಧ, ಚಿಕ್ಕ ವಯಸ್ಸು, ಮನೆಯವರೊಳಗಿನ ಜಗಳ ಎಂದಾಗ ಇದನ್ನು ಕೇಳದೆ ಬಿಟ್ಟದ್ದು ದೊಡ್ಡ ನಷ್ಟ. ಮೇಲ್ಮನವಿಯಲ್ಲೂ ಕೇಳಬಹುದಿತ್ತು. ಕೇಳಿದ್ದರೆ ಸಿಗುತ್ತಿತ್ತು ಎಂದು ಹೇಳಲಾರೆ. ಕೇಳಿರಲೇ ಇಲ್ಲ ಎಂಬುದಷ್ಟೇ ದಾಖಲೆಯಲ್ಲಿದೆ.

ತಮ್ಮನ ಕಥೆ ಬೇರೆ ದಾರಿ ಹಿಡಿಯಿತು. ಅದೇ ಹೊಲ, ಅದೇ ಜಗಳ, ಅದೇ ಎಫ್‌ಐಆರ್. ಆದರೆ 18 ತುಂಬಿರದ ಕಾರಣ ಅವನ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯಿತು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಅಂಥ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ, ದಾಖಲೆಯನ್ನು ಅವಧಿ ಮುಗಿದ ಮೇಲೆ ನಾಶ ಮಾಡಬೇಕು. ಅವನು ಡಿಗ್ರಿ ಮುಗಿಸಿದ, ಪರೀಕ್ಷೆ ಬರೆದ, ಈಗ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಅಣ್ಣನಿಗೆ ಹೊಟ್ಟೆಕಿಚ್ಚಿಲ್ಲ. “ಅವನಾದ್ರೂ ದಡ ಸೇರ್ದ ಬಿಡಿ ಸಾರ್” ಅನ್ನುತ್ತಾನೆ. ಒಂದೇ ಬದುವಿನ ಮೇಲೆ ನಿಂತಿದ್ದ ಇಬ್ಬರಲ್ಲಿ ಒಬ್ಬನಿಗೆ ಕಾನೂನು ಹೊಸ ಪುಟ ಕೊಟ್ಟಿತು. ಇನ್ನೊಬ್ಬನಿಗೆ ಕೊಡುವ ಕಾನೂನೇ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ 1974ರಿಂದ ಅಂಥದೊಂದು ಕಾಯ್ದೆಯಿದೆ. ಶಿಕ್ಷೆ ಮುಗಿದು ಇಂತಿಷ್ಟು ಕಾಲ ತಪ್ಪಿಲ್ಲದೆ ಕಳೆದರೆ, ಬಹುಪಾಲು ಕೆಲಸಗಳ ಮಟ್ಟಿಗೆ ಆ ಶಿಕ್ಷೆ ‘ಸವೆದುಹೋಯಿತು’ ಎಂದು ಲೆಕ್ಕ, ಹೇಳಬೇಕಾಗಿಲ್ಲ. ನಮ್ಮಲ್ಲಿ ವಯಸ್ಕನ ದಾಖಲೆಗೆ ಸವೆತವಿಲ್ಲ.

ಮುಚ್ಚಿದ ಬಾಗಿಲುಗಳು

ಜೈಲಿನಿಂದ ಬಂದವನಿಗೆ ಊರಲ್ಲಿ ಎಲ್ಲರೂ ಕೊಟ್ಟ ಮೊದಲ ಸಲಹೆ “ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಸೇರ್ಕೋ.” ಹೋದ. ಏಜೆನ್ಸಿಯವರು ಪೊಲೀಸ್ ವೆರಿಫಿಕೇಷನ್ ತರಲು ಹೇಳಿದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದ. ಠಾಣೆಯ ವರದಿಯಲ್ಲಿ ಕೇಸು ಬಂತು. ಅಲ್ಲಿಗೆ ಮುಗಿಯಿತು. ಇದು ಏಜೆನ್ಸಿಯ ಮಡಿವಂತಿಕೆ ಅಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯೇ ಕೋರ್ಟಿನಿಂದ ಶಿಕ್ಷೆಯಾದವರನ್ನು ಕಾವಲುಗಾರನಾಗಿ ಇಟ್ಟುಕೊಳ್ಳಬಾರದು ಅನ್ನುತ್ತದೆ.

ಇಲ್ಲೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜನಪ್ರತಿನಿಧಿ ಕಾಯ್ದೆಯ 8(3)ನೇ ಕಲಮಿನಡಿ ಎರಡು ವರ್ಷ ಅಥವಾ ಹೆಚ್ಚು ಸಜೆಯಾದರೆ ಅನರ್ಹತೆ, ಅದೂ ಬಿಡುಗಡೆಯಾದ ಮೇಲೆ ಆರು ವರ್ಷದವರೆಗೆ. ಇವನ ಸಜೆ ಒಂದೇ ವರ್ಷ. ಅಂದರೆ 2023ರ ಚುನಾವಣೆಯಲ್ಲಿ ವಿಧಾನಸಭೆಗೆ ನಿಲ್ಲಲು ಈ ಶಿಕ್ಷೆ ಅಡ್ಡಿಯಾಗುತ್ತಿರಲಿಲ್ಲ. ಗೆದ್ದ ಶಾಸಕರ ಮನೆ ಗೇಟಿನಲ್ಲಿ ಏಜೆನ್ಸಿಯ ಸಮವಸ್ತ್ರ ತೊಟ್ಟು ನಿಲ್ಲುವುದಕ್ಕೆ ಮಾತ್ರ ಅಡ್ಡಿ.

ಕ್ಯಾಬ್ ಓಡಿಸೋಣವೆಂದರೆ, ಆ್ಯಪ್ ಟ್ಯಾಕ್ಸಿಗಳಿಗೆ ಕೇಂದ್ರ ಹೊರಡಿಸಿದ 2020ರ ಮಾರ್ಗಸೂಚಿ ಹಿಂದಿನ ಏಳು ವರ್ಷಗಳಲ್ಲಿ ಇಂಥ ಶಿಕ್ಷೆಯಾದವರನ್ನು ಹೊರಗಿಡುತ್ತಿತ್ತು. ಕನಿಷ್ಠ ಅಲ್ಲಿ ಏಳು ವರ್ಷ ಎಂಬ ಒಂದು ಗಡುವಾದರೂ ಇತ್ತು. ಗಲ್ಫ್‌ಗೆ ಹೋಗುವ ಆಸೆಯೂ ಇತ್ತು. ಪಾಸ್‌ಪೋರ್ಟ್ ಕಾಯ್ದೆ ನಿರಾಕರಣೆಗೆ ಹೇಳುವುದು ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾಗಿದ್ದರೆ. ಹಾಗಾಗಿ ಪಾಸ್‌ಪೋರ್ಟ್ ಸಿಕ್ಕಿತು. ಆದರೆ ಅಲ್ಲಿನ ಕಂಪನಿ ಕೇಳಿದ ಪೊಲೀಸ್ ಕ್ಲಿಯರೆನ್ಸ್ ಸಿಗಲಿಲ್ಲ. ಆ ಪಾಸ್‌ಪೋರ್ಟು ಈಗಲೂ ಖಾಲಿ.

ಚಿಕ್ಕಂದಿನಿಂದ ಅವನಿಗೆ ಬೇಕಿದ್ದದ್ದು ವಿದ್ಯುತ್ ಕಂಪನಿಯ ಪವರ್‌ಮ್ಯಾನ್ ಕೆಲಸ. ಕಂಬ ಹತ್ತುವುದನ್ನು ಕಲಿತಿದ್ದ. ಸರ್ಕಾರಿ, ಅರೆ ಸರ್ಕಾರಿ ಕೆಲಸಗಳಲ್ಲಿ ನೇಮಕಕ್ಕೆ ಮುಂಚೆ ನಡತೆ ಮತ್ತು ಪೂರ್ವಾಪರದ ಪರಿಶೀಲನೆ ನಡೆಯುತ್ತದೆ. ಆ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಹಿಡಿಯುವುದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು. ಅದರ ಸಾರ ಹೀಗೆ. ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು. ಮುಚ್ಚಿಟ್ಟರೂ, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ನೇಮಕ ಮಾಡುವವರು ಅದನ್ನು ಕಡೆಗಣಿಸಬಹುದು. ಕ್ಷುಲ್ಲಕವಲ್ಲದ್ದರಲ್ಲಿ ಶಿಕ್ಷೆಯಾಗಿದ್ದರೆ ನೇಮಕ ರದ್ದು ಮಾಡಬಹುದು. ನಿಜ ಹೇಳಿದರೂ ಕೆಲಸ ಕೊಡಲೇಬೇಕೆಂದಿಲ್ಲ, ಪೂರ್ವಾಪರ ತೂಗುವ ಹಕ್ಕು ಅವರಿಗಿದೆ. ಜನ ಮರೆಯುವ ಇನ್ನೊಂದು ಮಾತೂ ಅದರಲ್ಲಿದೆ: ಮುಚ್ಚಿಟ್ಟರು ಎನ್ನಬೇಕಾದರೆ, ಆ ಮಾಹಿತಿಯನ್ನು ನಮೂನೆಯಲ್ಲಿ ನಿರ್ದಿಷ್ಟವಾಗಿ ಕೇಳಿರಬೇಕು. ಅಸ್ಪಷ್ಟವಾಗಿ ಕೇಳಿ, ಆಮೇಲೆ ಹೇಳಲಿಲ್ಲ ಎನ್ನುವ ಹಾಗಿಲ್ಲ.

ಈ ಕೊನೆಯ ಮಾತು ಮುಂದೆ ನಮ್ಮ ಕೈ ಹಿಡಿಯಿತು. ಪವರ್‌ಮ್ಯಾನ್ ಅರ್ಜಿಯನ್ನು ಮಾತ್ರ ಅವನು ಹಾಕಲೇ ಇಲ್ಲ. ಹಾಕಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಹಾಕದಿರುವುದೇ ವಾಸಿ ಅನ್ನಿಸಿತಂತೆ. ಹೀಗೆ ತಾವೇ ಹಿಂದೆ ಸರಿದವರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ.

ಲಾಕ್‌ಡೌನ್ ಬಂತು. ಎರಡು ವರ್ಷ ಮೇಸ್ತ್ರಿಯೊಬ್ಬರ ಕೈಕೆಳಗೆ ಮನೆಗಳ ವೈರಿಂಗ್, ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ. ಆ ಹೊತ್ತಿನಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಂಡ. ನನ್ನ ಅಂದಾಜಿನಲ್ಲಿ ಅವನು ಮಾಡಿದ ಅತಿ ಜಾಣ ಕೆಲಸ ಅದೇ. ಪರ್ಮಿಟ್ ಇರುವ ಕೈಗಳಿಗೆ ಬೇಡಿಕೆಯಿದೆ. ಬೇಡಿಕೆಯಿರುವ ಕಡೆ ಪ್ರಶ್ನೆಗಳು ಸ್ವಲ್ಪ ಮೆತ್ತಗಾಗುತ್ತವೆ.

ನಮೂನೆಯ 14ನೇ ಸಾಲು

2022ರ ಫೆಬ್ರವರಿಯಲ್ಲಿ ಕಂತ್ರಾಟುದಾರನ ಮೂಲಕ ಆ ಕಾರ್ಖಾನೆಯ ನಿರ್ವಹಣಾ ವಿಭಾಗ ಸೇರಿದ. ಕೈಗೆ 15,800 ರೂಪಾಯಿ, ಪಿಎಫ್, ಇಎಸ್‌ಐ. ಸೇರುವ ದಿನ ಆರು ಪುಟದ ಇಂಗ್ಲಿಷ್ ನಮೂನೆಯನ್ನು ಕಂತ್ರಾಟುದಾರನ ಗುಮಾಸ್ತ ತುಂಬಿದ. ಹದಿನಾಲ್ಕನೇ ಸಾಲು ಬಂದಾಗ ಗುಮಾಸ್ತ ಕೇಳಿದ್ದು: “ಕೇಸು ಗೀಸು ಏನಾದ್ರೂ ಇದ್ಯೇನಪ್ಪ?” ಇವನು ಹೇಳಿದ್ದು: “ಇತ್ತು ಸಾರ್, ಎಲ್ಲಾ ಮುಗ್ದೋಗಿದೆ.” ಗುಮಾಸ್ತ ‘ಇಲ್ಲ’ ಎಂಬಲ್ಲಿ ಗೆರೆ ಎಳೆದ. ಇವನು ಕೆಳಗೆ ಸಹಿ ಹಾಕಿದ.

ಆ ಸಾಲಿನಲ್ಲಿ ನಿಜಕ್ಕೂ ಏನು ಮುದ್ರಿಸಿತ್ತು ಎಂಬುದು ನನಗೆ ಗೊತ್ತಾದದ್ದು ಒಂದು ವಾರದ ಮೇಲೆ, ನಮೂನೆಯ ಪ್ರತಿ ಸಿಕ್ಕಾಗ. ಕನ್ನಡಕ್ಕೆ ತಂದರೆ ಅದು ಹೀಗಿತ್ತು: ‘ನಿಮ್ಮ ವಿರುದ್ಧ ಯಾವುದೇ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ?’

ಬಾಕಿ ಇರಲಿಲ್ಲ. ತೀರ್ಮಾನವಾಗಿ, ಶಿಕ್ಷೆ ಅನುಭವಿಸಿ ಎರಡು ವರ್ಷವಾಗಿತ್ತು. ಉತ್ತರ ಅಕ್ಷರಶಃ ಸರಿ.

ಹಾಗಾದರೆ ಗೇಟಿಗೆ ಬಂದ ನೋಟಿಸು ಏನು? ಚುನಾವಣೆ ಹತ್ತಿರ ಬಂದಾಗ ಹಳೆಯ ಕೇಸುಗಳಿದ್ದವರ ಪಟ್ಟಿ ತೆಗೆದು, ಶಾಂತಿಗೆ ಭಂಗ ತರಬಹುದು ಎಂದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಡಿ ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳುವುದು ನಮ್ಮ ಠಾಣೆಗಳ ವಾಡಿಕೆ. ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯೂ ಹೌದು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 126. ಇದು ಅಪರಾಧದ ಆರೋಪವಲ್ಲ, ಮುಂಜಾಗ್ರತೆ. ನೋಟಿಸು ಮನೆಗೆ ಹೋಗಬೇಕಿತ್ತು. ಪಾಳಿ ಕೆಲಸದಿಂದಾಗಿ ಮನೆಯಲ್ಲಿ ಸಿಗುತ್ತಿರಲಿಲ್ಲವೆಂದು ಕಾನ್‌ಸ್ಟೆಬಲ್ ಕೆಲಸದ ಜಾಗಕ್ಕೇ ಬಂದರು. ಅವರಿಗೆ ಅದು ದಿನದ ಹತ್ತು ಸಹಿಗಳಲ್ಲಿ ಒಂದು. ಕೆಟ್ಟ ಮನಸ್ಸೇನೂ ಇರಲಿಲ್ಲ ಅಂದುಕೊಳ್ಳುತ್ತೇನೆ.

ಕೇಸೋ, ಕಾಗದವೋ

ನನ್ನ ಮೊದಲ ಯೋಚನೆ ಕಾರ್ಮಿಕ ನ್ಯಾಯಾಲಯ. 14 ತಿಂಗಳ ಸೇವೆ, ಅಂದರೆ ಕಾನೂನಿನ ರಕ್ಷಣೆಗೆ ಬೇಕಾದ 240 ದಿನದ ಗಡಿ ಎಂದೋ ದಾಟಿದೆ. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್ ಪ್ರಕಾರ ಅಂಥವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ದುರ್ನಡತೆಯ ಕಾರಣಕ್ಕೆ ತೆಗೆಯುವುದಾದರೆ ಆರೋಪಪಟ್ಟಿ ಕೊಟ್ಟು ಎನ್‌ಕ್ವೈರಿ ನಡೆಸಬೇಕು. ಇಲ್ಲಿ ಎರಡೂ ಆಗಿಲ್ಲ. ಕಾಗದದ ಮೇಲೆ ಚೆನ್ನಾದ ಕೇಸು. ಅವನಿಗೆ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಅಂದ: “ಸಾರ್, ಕೇಸ್ ಹಾಕಿದ್ರೆ ಅದೂ ಇನ್ನೊಂದು ಕೇಸಾಯ್ತಲ್ಲ? ಮುಂದಿನ ಕಂಪನೀಲಿ ಅದನ್ನೂ ಬರೀಬೇಕಾಗತ್ತೆ.”

ಕಾನೂನಿನ ಪ್ರಕಾರ ಅವನ ಮಾತು ತಪ್ಪು, ಕಾರ್ಮಿಕ ವಿವಾದ ಕ್ರಿಮಿನಲ್ ಪ್ರಕರಣವಲ್ಲ. ಲೋಕದ ಪ್ರಕಾರ ಪೂರ್ತಿ ಸರಿ.

ಹಾಗಾಗಿ ಕಾಗದ ಬರೆದೆವು. ಕಂತ್ರಾಟುದಾರನಿಗೆ, ಪ್ರತಿ ಕಾರ್ಖಾನೆಗೆ. ಒಂದೂವರೆ ಪುಟ, ಮೂರು ಲಗತ್ತು: ಸೆಷನ್ಸ್ ಕೋರ್ಟಿನ ತೀರ್ಪಿನ ದೃಢೀಕೃತ ನಕಲು, ಜೈಲಿನ ಬಿಡುಗಡೆ ಪತ್ರ, ಅವರದೇ ನಮೂನೆ. ಹದಿನಾಲ್ಕನೇ ಸಾಲನ್ನು ಹಾಗೆಯೇ ಎತ್ತಿ ಬರೆದು, ಪ್ರಶ್ನೆ ಬಾಕಿ ಪ್ರಕರಣದ್ದು, ಉತ್ತರ ಸತ್ಯ ಎಂದೆವು. ಅವತಾರ್ ಸಿಂಗ್ ತೀರ್ಪು ಸರ್ಕಾರಿ ನೇಮಕಾತಿಯದು, ಖಾಸಗಿ ಕಾರ್ಖಾನೆಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ, ಆದರೆ ನಿರ್ದಿಷ್ಟವಾಗಿ ಕೇಳದೆ ಮುಚ್ಚಿಟ್ಟರೆನ್ನಬಾರದು ಎಂಬ ನ್ಯಾಯ ಯಾರಿಗಾದರೂ ಒಪ್ಪುವಂಥದ್ದು ಎಂದೂ ಸೇರಿಸಿದೆ. 25-ಎಫ್ ಬಗ್ಗೆ ಒಂದು ಸಾಲು ಮಾತ್ರ. ಬೆದರಿಕೆಯನ್ನು ಹೆಚ್ಚು ಬರೆದರೆ ಕಾಗದ ನೇರ ಅವರ ವಕೀಲರ ಮೇಜಿಗೆ ಹೋಗುತ್ತದೆ. ನಮಗೆ ಬೇಕಿದ್ದದ್ದು ಎಚ್‌ಆರ್ ಮೇಜು.

ಹತ್ತನೇ ದಿನ ಕರೆದರು. ಎಚ್‌ಆರ್ ಮೇಡಂ, ಕಂತ್ರಾಟುದಾರ, ನಿರ್ವಹಣಾ ವಿಭಾಗದ ಫೋರ್‌ಮನ್, ನಾವಿಬ್ಬರು. ಮೇಡಂ ಸುತ್ತಿಬಳಸದೆ ಕೇಳಿದರು: “ನಮೂನೆ ವಿಷಯ ಬಿಡಿ ಸರ್, ಒಪ್ತೀನಿ. ಆದರೆ ನಾಳೆ ಶಾಪ್ ಫ್ಲೋರ್‌ನಲ್ಲಿ ಯಾರ ಜೊತೆಗೋ ಮಾತು ಬೆಳೆದು ಹೀಗೇ ಆದರೆ, ಗೊತ್ತಿದ್ದೂ ಇಟ್ಕೊಂಡಿದ್ರಿ ಅಂತ ನನ್ನನ್ನೇ ಕೇಳ್ತಾರೆ.” ಈ ಪ್ರಶ್ನೆಯನ್ನು ನಾನು ಅನ್ಯಾಯ ಅನ್ನಲಾರೆ. ಆಕೆಯ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಕಾನೂನಿನ ಯಾವ ಕಲಮಿನಲ್ಲೂ ಅದಕ್ಕೆ ಉತ್ತರವಿಲ್ಲ.

ಉತ್ತರ ಕೊಟ್ಟದ್ದು ಫೋರ್‌ಮನ್. ಅವರಿಗೆ ವಿಷಯ ಮೊದಲೇ ಗೊತ್ತಿತ್ತು. ಸೇರಿದ ಮೂರನೇ ತಿಂಗಳು, ರಾತ್ರಿ ಪಾಳಿಯಲ್ಲಿ ಟೀ ಕುಡಿಯುವಾಗ ಇವನೇ ಹೇಳಿಕೊಂಡಿದ್ದ. “ಮೇಡಂ, ಮಳೇಲಿ ಟ್ರಾನ್ಸ್‌ಫಾರ್ಮರ್ ಯಾರ್ಡಿಗೆ ಜೊತೆಗೆ ಯಾರು ಬೇಕು ಅಂದ್ರೆ ನಾನು ಇವನನ್ನೇ ಕರೀತೀನಿ. ಲೈನ್ ಆಫ್ ಮಾಡಿ ಬೀಗ ಹಾಕಿದ ಮೇಲೂ ಟೆಸ್ಟರ್ ಇಟ್ಟು ನೋಡ್ದೆ ಕೈ ಹಾಕಲ್ಲ ಇವನು. ದುಡುಕೋನು ಹಂಗೆ ಇರಲ್ಲ.” ಒಂದು ಕ್ಷಣ ಬಿಟ್ಟು, “ಲಾಗ್‌ಬುಕ್ ತರಿಸ್ಲಾ?” ಅಂದರು. ತರಿಸಿದರು. 14 ತಿಂಗಳಲ್ಲಿ ಇವನ ಹೆಸರಿನಲ್ಲಿ ಒಂದೂ ಅವಘಡವಿಲ್ಲ, ಒಂದೂ ದೂರಿಲ್ಲ, ತಡವಾಗಿ ಬಂದದ್ದು ಎರಡು ಸಲ.

ಫೋರ್‌ಮನ್‌ಗೆ ಹೇಳಿಕೊಂಡದ್ದು ಲೆಕ್ಕಾಚಾರದಿಂದಲ್ಲ, ಭಾರ ಇಳಿಸಿಕೊಳ್ಳಲು. ಆದರೆ ಆ ಕೋಣೆಯಲ್ಲಿ, ಕೆಲಸ ನೋಡಿದ ಮೇಲೆ ವಿಷಯ ತಿಳಿದವರು ಒಬ್ಬರಿದ್ದರು. ವಿಷಯ ತಿಳಿದ ಮೇಲೆ ಕೆಲಸ ನೋಡುವವರು ಬೇರೆಯದನ್ನೇ ನೋಡುತ್ತಾರೆ.

ಮರಳಿ ತೆಗೆದುಕೊಳ್ಳಲು ಒಪ್ಪಿದರು. ಷರತ್ತು ಒಂದು: ಘೋಷಣಾ ಪತ್ರ ಬರೆದುಕೊಡಬೇಕು. ಕರಡನ್ನು ಅವರೇ ಕಳಿಸಿದರು. ಅದರ ಮೊದಲ ವಾಕ್ಯ, ‘ನಾನು ಕೆಲಸಕ್ಕೆ ಸೇರುವಾಗ ನನಗೆ ಶಿಕ್ಷೆಯಾಗಿದ್ದ ವಿಷಯವನ್ನು ಮುಚ್ಚಿಟ್ಟಿದ್ದೆ.’ ಅವನು ಪೆನ್ನು ತೆಗೆದಾಗಿತ್ತು. ಗೇಟು ತೆರೆಯುವುದಾದರೆ ಯಾವುದಕ್ಕಾದರೂ ಸಹಿ ಹಾಕುವ ಸ್ಥಿತಿ. ನಾನು ಕಾಗದ ಕಿತ್ತುಕೊಂಡೆ ಅಂದರೂ ತಪ್ಪಲ್ಲ. ಆ ಒಂದು ಪದ, ‘ಮುಚ್ಚಿಟ್ಟಿದ್ದೆ’, ಕಡತದಲ್ಲಿ ಕೂತರೆ ನಾಳೆ ಯಾವ ಎನ್‌ಕ್ವೈರಿಯೂ ಬೇಕಿಲ್ಲ. ಸುಳ್ಳು ಮಾಹಿತಿ ಕೊಟ್ಟ ದುರ್ನಡತೆಯನ್ನು ಅವನೇ ಒಪ್ಪಿಕೊಂಡಂತೆ. ಬಹಳ ಜನ ಕೆಲಸ ಕಳೆದುಕೊಳ್ಳುವುದು ಹಳೆಯ ಕೇಸಿನಿಂದಲ್ಲ, ಇಂಥ ಒಂದು ತಪ್ಪೊಪ್ಪಿಗೆಯ ಸಾಲಿನಿಂದ. ತಿದ್ದಿದ ಮೇಲೆ ಅದು ಹೀಗಾಯಿತು: ‘ಸೇರುವಾಗ ತುಂಬಿದ ನಮೂನೆಯಲ್ಲಿ ಬಾಕಿ ಪ್ರಕರಣಗಳ ಬಗ್ಗೆ ಮಾತ್ರ ಕೇಳಲಾಗಿತ್ತು, ಅದಕ್ಕೆ ಸರಿಯಾದ ಉತ್ತರ ನೀಡಿದ್ದೇನೆ. ಮುಗಿದ ಪ್ರಕರಣದ ವಿವರವನ್ನು ಈಗ ಸ್ವಇಚ್ಛೆಯಿಂದ ತಿಳಿಸುತ್ತಿದ್ದೇನೆ.’ ಮೇಡಂ ಎರಡು ಸಲ ಓದಿ, “ಸರಿ” ಅಂದರು.

ಒಟ್ಟು 23 ದಿನ ಹೊರಗಿದ್ದ. ಆ ದಿನಗಳ ಸಂಬಳ ಸಿಗಲಿಲ್ಲ. ಕೇಳಿದೆವು, ಕಂತ್ರಾಟುದಾರ ಕೈ ಎತ್ತಿದ, ನಾವು ಬಿಟ್ಟೆವು. ಬಿಡಬಾರದಿತ್ತೋ ಏನೋ. ತಹಶೀಲ್ದಾರರ ಮುಂದೆ ಮುಚ್ಚಳಿಕೆಗೆ ಹೋದ ಇನ್ನೆರಡು ದಿನವೂ ರಜೆಯ ಖಾತೆಗೇ.

ಎರಡನೆಯ ನಮೂನೆ

2024ರ ಕೊನೆಯಲ್ಲಿ ಕಾರ್ಖಾನೆ ಕೆಲವು ಕಂತ್ರಾಟು ಎಲೆಕ್ಟ್ರಿಷಿಯನ್‌ಗಳನ್ನು ಕಂಪನಿಯ ಸ್ವಂತ ನೌಕರರ ರೋಲಿಗೆ ತೆಗೆದುಕೊಳ್ಳಲು ಮುಂದಾಯಿತು. ಫೋರ್‌ಮನ್ ಇವನ ಹೆಸರು ಕೊಟ್ಟರು. ಈ ಸಲ ನಮೂನೆ ಹೊಸದು. ಪ್ರಶ್ನೆಯೂ ಬದಲಾಗಿತ್ತು: ‘ನಿಮಗೆ ಎಂದಾದರೂ ಯಾವುದಾದರೂ ಅಪರಾಧಕ್ಕಾಗಿ ಶಿಕ್ಷೆಯಾಗಿದೆಯೇ?’ ಬಹುಶಃ ನಮ್ಮ ಕಾಗದವೇ ಕಾರಣ. ನಗು ಬಂತು, ಬೇಸರವೂ ಆಯಿತು.

‘ಹೌದು’ ಎಂದೇ ಬರೆಯಬೇಕಿತ್ತು. ಜೊತೆಗೆ ಒಂದು ಪುಟದ ಟಿಪ್ಪಣಿ ಇಡೋಣವೆಂದೆ. ಅವನು ಮೊದಲು ಬರೆದು ತಂದದ್ದು ನಾಲ್ಕು ಪುಟ: ದೊಡ್ಡಪ್ಪ ಎಂಥವರು, ಬದು ಯಾರದು, ಪೊಲೀಸರು ಯಾರ ಮಾತು ಕೇಳಿದರು, ಕೊನೆಗೆ ‘ಇದು ಸುಳ್ಳು ಕೇಸು.’ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಎರಡು ಕೋರ್ಟುಗಳು ನಂಬದ್ದನ್ನು ಎಚ್‌ಆರ್‌ನವರು ನಂಬಲಿ ಎಂದು ಕೇಳಿದ ಹಾಗಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿ ಹೇಳಿದ: “ಹೊಡೆದದ್ದು ನಿಜಾನೇ ಸಾರ್. ಬರೆಯೋಕೆ ಒಂಥರಾ ಆಗತ್ತೆ.”

ಕೊನೆಗೆ ಉಳಿದದ್ದು ಅರ್ಧ ಪುಟ. ಮೊಕದ್ದಮೆಯ ಸಂಖ್ಯೆ, ಕಲಮು, ಸಜೆ, ಬಿಡುಗಡೆಯ ದಿನ. ‘23ನೇ ವಯಸ್ಸಿನಲ್ಲಿ ಜಮೀನಿನ ಜಗಳದಲ್ಲಿ ನನ್ನ ದೊಡ್ಡಪ್ಪನಿಗೆ ಹೊಡೆದೆ, ಅವರ ಕೈ ಮೂಳೆ ಮುರಿಯಿತು’ ಎಂಬ ಒಂದು ವಾಕ್ಯ. ಆಮೇಲೆ ವೈರ್‌ಮನ್ ಪರ್ಮಿಟ್, ಇಲ್ಲಿನ ಸೇವೆಯ ಅವಧಿ, ಫೋರ್‌ಮನ್‌ರ ಪತ್ರ. ಪಶ್ಚಾತ್ತಾಪದ ಮಾತು ಸೇರಿಸಬೇಕೇ ಎಂದು ಕೇಳಿದ. ಹೊಡೆದೆ ಎಂದು ಬರೆದಾಯಿತಲ್ಲ, ಸಾಕು ಅಂದೆ.

ಹಿನ್ನೆಲೆ ಪರಿಶೀಲನೆಯ ಏಜೆನ್ಸಿ ವರದಿ ಕೊಟ್ಟಾಗ ಹೊಸ ತಲೆನೋವು. ಅದರಲ್ಲಿ ಇವನ ಹೆಸರಿಗೆ ಎರಡು ಪ್ರಕರಣ. ಒಂದು ಇವನದೇ, ಇನ್ನೊಂದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಚೆಕ್ ಬೌನ್ಸ್. ಇವನ ಬಳಿ ಚೆಕ್‌ಬುಕ್ಕೇ ಇಲ್ಲ! ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಏಜೆನ್ಸಿಗಳು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ನಮ್ಮ ಕಡೆ ಒಂದು ಹೋಬಳಿಯಲ್ಲಿ ಒಂದೇ ಹೆಸರಿನ, ಒಂದೇ ತಂದೆ ಹೆಸರಿನ ಹತ್ತು ಜನ ಸಿಗುತ್ತಾರೆ, ದೇವರ ಹೆಸರು ಎಷ್ಟಿವೆ ಹೇಳಿ. ಹೆಸರು ಕೂಡಿದರೆ ಆಳೂ ಕೂಡಿತು ಎಂದು ವರದಿ. ಆ ಚೆಕ್ ಪ್ರಕರಣದ ದೂರಿನ ದೃಢೀಕೃತ ನಕಲು ತೆಗೆಸಿದೆವು. ಆರೋಪಿಗೆ 52 ವರ್ಷ, ವಿಳಾಸ ಬೇರೆ ಊರು, ಕಸುಬು ಕೊಬ್ಬರಿ ವ್ಯಾಪಾರ. ಆಧಾರ್ ಪ್ರತಿ, ಪ್ರಮಾಣಪತ್ರ ಸೇರಿಸಿ ಕೊಟ್ಟ ಮೇಲೆ ವರದಿ ತಿದ್ದಿದರು. ತನ್ನದಲ್ಲದ ಕೇಸನ್ನು ತನ್ನದಲ್ಲವೆಂದು ತೋರಿಸಲು ಅವನು ಎರಡು ದಿನದ ಕೂಲಿ, ನಕಲು ಶುಲ್ಕ, ಬಸ್ ಚಾರ್ಜು ಕಳೆದುಕೊಂಡ. ದಾಖಲೆ ಇರುವವನ ಮೇಲೆ ಇನ್ನೊಂದು ಪ್ರಕರಣವನ್ನು ಜನ ಬೇಗ ನಂಬುತ್ತಾರೆ. ದಾಖಲೆಯೇ ಇಲ್ಲದವನ ವರದಿಯಲ್ಲಿ ಇದೇ ತಪ್ಪು ಬಂದಿದ್ದರೆ, ಮೊದಲು ಫೋನ್ ಮಾಡಿ ಕೇಳುತ್ತಿದ್ದರೇನೋ.

ಉಳಿದ ನಾಲ್ವರಿಗೆ ಆದೇಶ ಬಂತು. ಇವನದು ‘ಪರಿಶೀಲನೆಯಲ್ಲಿದೆ’ ಎಂದು ಉಳಿಯಿತು. ಇಲ್ಲ ಎಂದೂ ಹೇಳಿಲ್ಲ. ಈಗಲೂ ಅದೇ ಕಂತ್ರಾಟಿನಲ್ಲಿ, ಅದೇ ಪ್ಯಾನೆಲ್ ರೂಮಿನಲ್ಲಿ ಇದ್ದಾನೆ. ಭಾನುವಾರ ಸುತ್ತಲ ಹಳ್ಳಿಗಳಲ್ಲಿ ವೈರಿಂಗ್ ಕೆಲಸ ಹಿಡಿಯುತ್ತಾನೆ. ಅಲ್ಲಿ ಯಾರೂ ನಮೂನೆ ತುಂಬಿಸಿಕೊಳ್ಳುವುದಿಲ್ಲ, ಅಲ್ಲಿ ಎಲ್ಲರಿಗೂ ಗೊತ್ತು.

ಹೋದ ಸಲ ಬಂದಾಗ ತೀರ್ಪು, ಬಿಡುಗಡೆ ಪತ್ರ, ಅರ್ಧ ಪುಟದ ಟಿಪ್ಪಣಿ, ಚೆಕ್ ಪ್ರಕರಣದ ನಕಲು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಟ್ಟೆ, ಐದೈದು ಜೆರಾಕ್ಸ್ ಸಮೇತ. ಎಣಿಸಿ ನೋಡಿದ.

“ಇದನ್ನ ಇನ್ನೆಷ್ಟು ವರ್ಷ ಕೊಡಬೇಕು ಸಾರ್?”

“ಕೇಳಿದಾಗಲೆಲ್ಲ ಕಣಪ್ಪ. ಆದರೆ ಮೊದಲು ಏನು ಕೇಳಿದ್ದಾರೆ ಅಂತ ಓದಿಸ್ಕೋ.”